ಗಂಗಾಳ ತೊಳೆದು ಕುಡಿದ ಮಸಿ

ಈ ಮನೆಗೆ ಸೊಸೆಯಾಗಿ ಬಂದ ಮೊದಲ ದಿನವೇ ನಾನು ನಪಾಸಾದೆ. ಊಟ ಮುಗಿಸಿ ಕೈ ತೊಳೆಯಲು ಎದ್ದಿದ್ದೆ. ಅತ್ತೆ ನನ್ನ ಗಂಗಾಳ ನೋಡಿದರು, ನನ್ನ ಮುಖ ನೋಡಿದರು, ಮತ್ತೆ ಗಂಗಾಳ ನೋಡಿದರು. ಅದರಲ್ಲಿ ನಾಲ್ಕು ಅಗುಳು ಅನ್ನವೂ ಒಂದಿಷ್ಟು ಸಾರೂ ಉಳಿದಿದ್ದವು.

"ಕುಂದರವಾ," ಎಂದರು. "ಇನ್ನಾ ಊಟ ಮುಗದಿಲ್ಲ."

ಆಗ ಕಲಿತೆ. ಈ ಮನೆಯಲ್ಲಿ ಬಡಿಸಿದ್ದೆಲ್ಲ ಪ್ರಸಾದ. ಬಿಡುವಂತಿಲ್ಲ, ಚೆಲ್ಲುವಂತಿಲ್ಲ. ಕೊನೆಗೆ ಗಂಗಾಳಕ್ಕೆ ನೀರು ಹಾಕಿ, ಬೆರಳಿನಿಂದ ಸುತ್ತಲೂ ತೊಳೆದು, ಆ ನೀರನ್ನೂ ಕುಡಿಯಬೇಕು. ಯಮಕನಮರಡಿಯ ನನ್ನ ತವರಿನಲ್ಲೂ ಲಿಂಗವಿತ್ತು, ವಿಭೂತಿಯಿತ್ತು. ಆದರೆ ಅದು ಹೆದ್ದಾರಿ ಪಕ್ಕದ ಅಂಗಡಿಕಾರರ ಮನೆ, ಎಲ್ಲರೂ ನಿಂತಲ್ಲೇ ಉಂಡು ಗಿರಾಕಿಯ ಕಡೆ ಓಡುವವರು. ಇಲ್ಲಿ ವೋಟು ಕೇಳಲು ಬಂದವರಿಗೂ ಬಿಡುಗಡೆಯಿಲ್ಲ. ಒಂದು ಚುನಾವಣೆಯಲ್ಲಿ ಒಬ್ಬ ಉಮೇದುವಾರರು ಅರ್ಧ ರೊಟ್ಟಿ ಬಿಟ್ಟು ಎದ್ದರು. ಅತ್ತೆ ಅವರಿಗೆ ವೋಟು ಹಾಕಲಿಲ್ಲ, ಯಾಕೆ ಹಾಕಲಿಲ್ಲ ಎಂಬುದನ್ನು ಊರಿಗೆಲ್ಲ ಹೇಳಿದರು. ಅವರು ಸೋತರು. ಬೇರೆ ಕಾರಣಗಳೂ ಇದ್ದವೆನ್ನಿ.

ನಮ್ಮ ಊರಿರುವುದು ಮಸಗುಪ್ಪಿಯ ಆಚೆ. ಗೋಕಾಕಕ್ಕಾಗಲಿ ಮೂಡಲಗಿಗಾಗಲಿ ಹೋಗಬೇಕೆಂದರೆ ಒಂದೇ ಬೇವಿನ ಮರದ ಕೆಳಗೆ ಬಸ್ಸು ಕಾಯುತ್ತೇವೆ. ಸುತ್ತಲೂ ಕಬ್ಬು, ಕಬ್ಬಿನಾಚೆ ಒಂದು ಸಕ್ಕರೆ ಕಾರ್ಖಾನೆ. ದೀಪಾವಳಿಯ ಹೊತ್ತಿಗೆ ಅಲ್ಲಿ ಕಬ್ಬು ನುರಿಸಲು ತೊಡಗಿದರೆ ಶಿವರಾತ್ರಿ ದಾಟುವವರೆಗೂ ನಮ್ಮ ಮೇಲೆ ಮಸಿ ಉದುರುತ್ತದೆ. ಕಬ್ಬಿನ ಸಿಪ್ಪೆ ಸುಟ್ಟ ಹಗುರವಾದ ಕರಿ ಎಸಳುಗಳು. ಒಣಹಾಕಿದ ಅಂಗಿಯ ಮೇಲೆ, ಸಂಡಿಗೆಯ ಮೇಲೆ, ಶಾವಿಗೆಯ ಮೇಲೆ, ಎಮ್ಮೆಯ ಬೆನ್ನಿನ ಮೇಲೆ. ನಮ್ಮ ಮನೆಯಲ್ಲಿ ಇದರ ಬಗ್ಗೆ ತಕರಾರಿಲ್ಲದೆ ಇದ್ದದ್ದು ಎಮ್ಮೆ ಒಂದೇ.

ಮಧ್ಯಾಹ್ನ ಊಟದ ಹೊತ್ತಿಗೆ ಮಸಿ ಜಾಸ್ತಿ. ಬಾಯ್ಲರಿನ ಕೊಳವೆಗಳಿಗೆ ಅಂಟಿದ್ದನ್ನು ಆಗ ಝಾಡಿಸಿ ಹೊರಗೆ ಬಿಡುತ್ತಾರೆ. ಊರವರು ಅದಕ್ಕೆ 'ಚಿಮಣಿ ಕೆಮ್ಮೂ ಹೊತ್ತು' ಎನ್ನುತ್ತಾರೆ. ಚಿಮಣಿ ಕೆಮ್ಮಿದ ಸ್ವಲ್ಪ ಹೊತ್ತಿಗೆ ನಮ್ಮ ಅತ್ತೆ ಕೆಮ್ಮುತ್ತಿದ್ದರು.

ಅವರಿಗೆ ದಮ್ಮು ಹತ್ತಿಕೊಂಡು ಕೆಲವು ವರ್ಷಗಳಾಗಿವೆ. ಗೋಕಾಕದ ಡಾಕ್ಟರು ಎದೆಗೆ ಕೊಳವೆ ಹಚ್ಚಿ ಕೇಳಿ, ಹಂಗಾಮು ಮುಗಿಯುವವರೆಗೆ ಇವರು ಊರಲ್ಲಿ ಇರಬಾರದು ಎಂದುಬಿಟ್ಟರು. ಅಂದಿನಿಂದ ಪ್ರತಿ ವರ್ಷ ದೀಪಾವಳಿ ಮುಗಿದ ಕೂಡಲೇ ಪಡಸಾಲೆಯ ಗೂಟದಿಂದ ಒಂದು ಅರಿವೆ ಚೀಲ ಇಳಿಯುತ್ತಿತ್ತು. ಅದರಲ್ಲಿ ಸೀರೆ, ವಿಭೂತಿ ಗಟ್ಟಿ, ದಮ್ಮಿನ ಔಷಧಿ ತುಂಬಿಕೊಂಡು ಅತ್ತೆ ಹುಕ್ಕೇರಿ ತಾಲ್ಲೂಕಿನ ಹತ್ತರಗಿಗೆ, ಮಗಳ ಮನೆಗೆ, ಹೊರಡುತ್ತಿದ್ದರು. ಹತ್ತರಗಿಯಲ್ಲಿ ಮಸಿ ಬೀಳುವುದಿಲ್ಲ, ಖರೆ. ಮನೆಯ ಮುಂದೆಯೇ ರಾಷ್ಟ್ರೀಯ ಹೆದ್ದಾರಿ, ಹಗಲೂ ರಾತ್ರಿ ಲಾರಿ. ಮಸಿಯ ಕೈಯಿಂದ ಬಿಡಿಸಿ ಡೀಸೆಲ್ಲಿನ ಕೈಗೆ ಒಪ್ಪಿಸುತ್ತಿದ್ದೆವು. ಅದೂ ಸಾಲದೆಂದು ಆ ಮನೆಯಲ್ಲಿ ನನ್ನ ನಾದಿನಿಯ ಅತ್ತೆಯೂ ಇದ್ದಾರೆ. ಇಬ್ಬರು ಅತ್ತೆಯರಿಗೆ ಒಂದೇ ಅಡುಗೆಮನೆ.

ಅತ್ತೆಯನ್ನು ಬಸ್ಸು ಹತ್ತಿಸುವಾಗ ನಮ್ಮವರ ಕಾಳಜಿ ನೋಡಬೇಕಿತ್ತು. ಕಿಟಕಿಯ ಪಕ್ಕದ ಸೀಟು ಹಿಡಿದುಕೊಡುವರು, ಬಾಳೆಹಣ್ಣು ತಂದುಕೊಡುವರು, ಶಿವರಾತ್ರಿಗಿಂತ ಮೊದಲು ಬರಬೇಡ ಎಂದು ಎರಡೆರಡು ಸಲ ಹೇಳುವರು. ಇಂಥ ಮಗ ಯಾರಿಗುಂಟು ಎಂದು ಬಸ್ಸಿನ ಹೆಂಗಸರು ಹೊಗಳುತ್ತಿದ್ದರು. ನಾನೂ ಹೊಗಳುತ್ತಿದ್ದೆ.

ಈ ಹೊಗಳಿಸಿಕೊಳ್ಳುವ ಮಗ, ಅಂದರೆ ನನ್ನ ಗಂಡ, ಅತ್ತೆ ಹತ್ತರಗಿಗೆ ಹೋಗಲು ಶುರುಮಾಡಿದ ಮೇಲೆ ಕಾಲುವೆಯಾಚೆಯ ನಮ್ಮ ಹೊಲದಲ್ಲಿ ಬೆಲ್ಲದ ಗಾಣ ಹಾಕಿದ್ದರು. ತಗಡಿನ ಚಪ್ಪರ, ಕಬ್ಬಿನ ರಸ ಕುದಿಸುವ ದೊಡ್ಡ ಕೊಪ್ಪರಿಗೆ, ಅದರ ಕೆಳಗೆ ಒಲೆ. ಮೊದಲ ವರ್ಷ ಯಮಕನಮರಡಿಯಿಂದ, ನನ್ನ ತಮ್ಮನ ಪಂಚರ್ ಅಂಗಡಿಯಿಂದ, ಒಂದು ಟ್ರ್ಯಾಕ್ಟರ್ ತುಂಬ ಹಳೆಯ ಟೈರು ಬಂದವು.

"ಇವ ಎದಕ್ಕರಿ?" ಎಂದು ಕೇಳಿದೆ.

"ಗಾಳಿಗಿ ತಗಡ ಹಾರಬಾರದಲ್ಲಾ, ಮ್ಯಾಲ ಇಡಾಕ."

ನಮ್ಮ ಕಡೆ ತಗಡಿನ ಮೇಲೆ ಟೈರು ಇಡುವುದು ಹೊಸದಲ್ಲ. ಒಪ್ಪಿಕೊಂಡೆ. ಮರುವರ್ಷ ಮತ್ತೊಂದು ಟ್ರ್ಯಾಕ್ಟರ್ ತುಂಬ ಟೈರು ಬಂದವು. ಹೋದ ವರ್ಷದವು ಏನಾದವು ಎಂದರೆ, "ಸವದವು," ಎಂದರು. ತಗಡಿನ ಮೇಲೆ ಕುಳಿತಲ್ಲೇ ಸವೆಯುವ ಟೈರನ್ನು ನಾನು ಕೇಳಿರಲಿಲ್ಲ. ಆದರೆ ನಾನು ಮೂಡಲಗಿಯ ಸಾಲೆಯಲ್ಲಿ ಮಾಸ್ತರ್ಕಿ ಮಾಡುವವಳು, ಬೆಳಗಾದರೆ ಬಸ್ಸು ಹಿಡಿಯುವ ಅವಸರ. ಗಾಣದ ಕಡೆ ಹೋಗುವ ಪುರುಸೊತ್ತು ನನಗಿರಲಿಲ್ಲ, ಕರೆಯುವ ಆಸೆ ಅವರಿಗೂ ಇರಲಿಲ್ಲ.

ಹೋದ ಹಂಗಾಮಿನಲ್ಲಿ ಅತ್ತೆ ನಡುವೆಯೇ ಓಡಿಬಂದರು. ಒಂದು ಸಂಜೆ ನಾನು ಸಾಲೆಯಿಂದ ಬಂದಾಗ ಚೀಲ ಹಿಡಿದು ಹೊಸ್ತಿಲಲ್ಲಿ ಕುಳಿತು ಉಸಿರು ಎಳೆದುಕೊಳ್ಳುತ್ತಿದ್ದರು. ನಮ್ಮವರು ಹೊಲದಿಂದ ಬಂದು ನೋಡಿ ಗಾಬರಿಯಾದರು.

"ಯಾಕ ಬಂದಿ ಯವ್ವಾ?"

"ನನ್ನ ಮನಿಗಿ ನಾ ಬಂದರ ಯಾಕ ಅಂತ ಕೇಳತೀಯಾ? ಅಲ್ಲಿ ಲಾರಿ ನೋಡಿ ನೋಡಿ ಸಾಕಾಗೇತಿ. ಉಸರಿಗಂತ ಊರ ಬಿಟ್ಟೆ. ಅಲ್ಲಿ ಊರೂ ಇಲ್ಲ, ಉಸರೂ ಇಲ್ಲ."

"ಎಂಟ ದಿನ ಇರು. ಬಾಗಲಾ ಕಿಡಕಿ ಹಾಕ್ಕೊಂಡ ಒಳಗ ಇರು. ಆಮ್ಯಾಲ ನಾನ ಬಿಟ್ಟ ಬರತೇನಿ."

ಅವರು ಬಂದ ದಿನದಿಂದ ಗಾಣದ ಕೊಪ್ಪರಿಗೆ ಯಾಕೋ ರಿಪೇರಿಗೆ ಬಂತು. ಒಲೆ ಹೊತ್ತಲಿಲ್ಲ.

ಅಡುಗೆಮನೆಯಲ್ಲಿ ನಾನೊಬ್ಬಳೇ ಇದ್ದಾಗ ಅತ್ತೆ ನನ್ನ ಕೈ ಹಿಡಿದುಕೊಂಡರು. ಜಗಳಕ್ಕೂ ನಗೆಗೂ ಬಿಟ್ಟರೆ ಬೇರೆ ಯಾವುದಕ್ಕೂ ನನ್ನ ಕೈ ಹಿಡಿದವರಲ್ಲ. "ಈಗ ಹೋದರ ಮತ್ತ ಬರತೇನೋ ಇಲ್ಲೋ ಗೊತ್ತಿಲ್ಲವಾ. ಬೀಗರ ಮನ್ಯಾಗ ನಾ ಸಾಯಾಕ ಒಲ್ಲೆ. ನನ್ನ ಮಾಳಗಿ ಮ್ಯಾಲ ಬಿಸಲಿಗಿ ಕುಂತ, ನನ್ನ ಮನಿ ಗಾಳಿ ತಗೋಬೇಕು. ಇಷ್ಟ ಕೇಳಾಕತ್ತೇನಿ," ಎಂದರು. ಎಂಟು ದಿನದೊಳಗೆ ಗಾಳಿಯನ್ನು ಎಲ್ಲಿಂದ ತರುವುದು?

ಅರ್ಜಿ ಕೊಡುವ ದಾರಿ ಊರವರು ಆಗಲೇ ಸವೆಸಿದ್ದರು. ತಪಾಸಣೆಗೆ ಯಾರಾದರೂ ಬರುವ ದಿನ ಕಾರ್ಖಾನೆಗೆ ಹೇಗೋ ಗೊತ್ತಾಗುತ್ತಿತ್ತು. ಅಂದು ಆ ಚಿಮಣಿ ದೇವರ ಮುಂದಿನ ಊದಿನಕಡ್ಡಿಯಷ್ಟು ಹೊಗೆ ಬಿಟ್ಟುಕೊಂಡು ಸಾಚಾ ಆಗಿ ನಿಲ್ಲುತ್ತಿತ್ತು.

ದಾರಿ ಸಿಕ್ಕಿದ್ದು ಮಠದಲ್ಲಿ. ಅಮಾವಾಸ್ಯೆಯ ದಾಸೋಹಕ್ಕೆ ಅತ್ತೆ ಮೂಗಿಗೆ ಸೆರಗು ಕಟ್ಟಿಕೊಂಡು ಬಂದಿದ್ದರು. ಎದುರು ಪಂಕ್ತಿಯಲ್ಲಿ ಕಾರ್ಖಾನೆಯ ಬಾಯ್ಲರು ನೋಡಿಕೊಳ್ಳುವ ಎಂಜಿನಿಯರು ಕುಳಿತಿದ್ದರು. ಹುಕ್ಕೇರಿಯವರು, ಹೆಂಡತಿ ಮಕ್ಕಳನ್ನು ಅಲ್ಲೇ ಬಿಟ್ಟು ಇಲ್ಲಿ ಕ್ವಾರ್ಟರ್ಸಿನಲ್ಲಿ ಒಬ್ಬರೇ ಇರುವವರು. ಹಣೆಯ ತುಂಬ ವಿಭೂತಿ. ಅವರು ಉಂಡು ಮುಗಿಸಿ, ಗಂಗಾಳಕ್ಕೆ ನೀರು ಹಾಕಿ, ಬೆರಳಾಡಿಸಿ, ಒಂದು ಹನಿ ಬಿಡದೆ ಕುಡಿದರು. ಅತ್ತೆಯ ಕಣ್ಣು ಸಣ್ಣಗಾದವು.

"ಸಿಕ್ಕಾ," ಎಂದು ನನ್ನ ಕಿವಿಯಲ್ಲಿ ಹೇಳಿದರು.

"ಯಾರ್ರಿ?"

"ಬಡಸಿದ್ದ ಬಿಡಲಾರದಾಂವ."

ಅಲ್ಲೇ ಎದ್ದು ಹೋಗಿ, ಭಾನುವಾರ ಮಧ್ಯಾಹ್ನ ನಮ್ಮ ಮನೆಗೆ ಪ್ರಸಾದಕ್ಕೆ ಬರಬೇಕೆಂದು ಕರೆದರು. ಏನು ವಿಶೇಷ ಎಂದು ಅವರು ಕೇಳಿದರೆ, "ನೀವು ಬರೂದ ವಿಶೇಷರಿ," ಎಂದರು. ಮೆಸ್ಸಿನ ಊಟ ಉಂಡು ಬೇಸತ್ತ ಜೀವ, ಕೂಡಲೇ ಒಪ್ಪಿತು. ಯಾವ ಹೊತ್ತಿಗೆ ಎಂದು ಕೇಳಿದಾಗ ಅತ್ತೆ ಹೇಳಿದ ಹೊತ್ತು ಚಿಮಣಿ ಕೆಮ್ಮುವ ಹೊತ್ತು. ಎಂಜಿನಿಯರು ಒಂದು ಗಳಿಗೆ ಅತ್ತೆಯ ಮುಖ ನೋಡಿ, "ಆತ್ರಿ ಅವ್ವಾರ," ಎಂದರು.

ಭಾನುವಾರ ನನಗೆ ಅಡುಗೆಯ ಆಜ್ಞೆಗಳು ಬಂದವು. ಅನ್ನ, ಮೊಸರು, ಹಾಲು, ತಾವೇ ಮಾಡಿದ ಶಾವಿಗೆ.

"ಬದನಿಕಾಯಿ ಎಣಗಾಯಿ ಮಾಡ್ಲೇನ್ರಿ?"

"ಬ್ಯಾಡ. ಕರ್ರಗಿರೂದು ಏನೂ ಬ್ಯಾಡ. ಎಲ್ಲಾ ಬೆಳ್ಳಗಿರಬೇಕು."

ಮಾಳಿಗೆಯ ಮೇಲೆ ಮಾವನವರ ಕಾಲದ ಬಿಳಿ ಧೋತರ ಹಾಸಿದೆವು. ಊಟಕ್ಕೆ ಮಾಳಿಗೆ ಯಾಕೆ ಎಂದು ಅತಿಥಿಗಳು ಕೇಳಿದಾಗ, ಬಿಸಿಲು ಎಲುಬಿಗೆ ಒಳ್ಳೆಯದು ಎಂಬ ಉತ್ತರ ಸಿದ್ಧವಿತ್ತು. ಮೋಸ ಬೇಡವೆಂದು ಅತ್ತೆಯೂ ನಾನೂ ಅವರ ಜೊತೆಗೇ ಗಂಗಾಳ ಹಾಕಿಕೊಂಡು ಕುಳಿತೆವು. ನಮ್ಮವರು ಮನೆಯಲ್ಲಿರಲಿಲ್ಲ. ನಿನ್ನೆ ಕಡಿದ ಕಬ್ಬು ಒಣಗುತ್ತಿದೆ, ಕೊಪ್ಪರಿಗೆ ರಿಪೇರಿ ಆಯಿತು ಎಂದು ಬೆಳಿಗ್ಗೆಯೇ ಗಾಣಕ್ಕೆ ಹೋಗಿದ್ದರು.

ಊಟ ಶುರುವಾಯಿತು. ಚಿಮಣಿ ಕೆಮ್ಮಲಿಲ್ಲ. ಅತ್ತೆ ಅನ್ನಕ್ಕೆ ಮತ್ತೆ ಅನ್ನ ಬಡಿಸಿದರು, ಮೊಸರಿಗೆ ಮತ್ತೆ ಮೊಸರು. ಚಿಮಣಿ ಊದಿನಕಡ್ಡಿಯಾಗಿ ನಿಂತಿತ್ತು. ಎಂಜಿನಿಯರು ಚಪ್ಪರಿಸಿ ಉಣ್ಣುತ್ತಿದ್ದರು.

"ಇವತ್ತ ಕಾರ್ಖಾನಿ ಸೂಟೀನ ಏನ್ರಿ?" ಅತ್ತೆ ಕೇಳಿದರು.

"ಇಲ್ರಿ ಅವ್ವಾರ. ಚಾಲೂ ಐತಿ. ಚಂದ ನಡದೈತಿ," ಎಂದು ನಕ್ಕರು. ಆ ನಗೆ ನೋಡಿ ನನಗೆ ತಿಳಿಯಿತು. ಹುಕ್ಕೇರಿಯವರಿಗೂ ತಲೆ ಕೊಟ್ಟಿದ್ದಾನೆ ದೇವರು. ಕರೆದದ್ದು ಯಾಕೆಂದು ಮಠದಲ್ಲೇ ಗೊತ್ತುಮಾಡಿಕೊಂಡು, ಎಲ್ಲ ಬಂದೋಬಸ್ತು ಮಾಡಿಯೇ ಬಂದಿದ್ದರು.

ಇನ್ನು ಉಳಿದದ್ದು ಶಾವಿಗೆ. ನಾನು ಸಪ್ಪೆ ಮುಖ ಮಾಡಿಕೊಂಡು ಬಡಿಸಿದೆ, ಸಕ್ಕರೆ ಹಾಕಿದೆ, ಮೇಲೆ ಹಾಲು ಹೊಯ್ದೆ. ಅಷ್ಟರಲ್ಲಿ ಎಂಜಿನಿಯರ ಗಂಗಾಳದ ನಟ್ಟನಡುವೆ ಒಂದು ಕರಿ ಎಸಳು ಬಂದು ಕುಳಿತಿತು. ಅದರ ಹಿಂದೆ ಇನ್ನೊಂದು. ಅತ್ತೆಯ ಗಂಗಾಳಕ್ಕೂ ಬಿತ್ತು, ನನ್ನದಕ್ಕೂ ಬಿತ್ತು. ಅತ್ತೆಯ ಮುಖ ಲಗ್ನದ ಮನೆಯಾಯಿತು.

"ನೋಡ್ರಿ ಸಾಹೇಬ್ರ! ನಿಮ್ಮ ಕಾರ್ಖಾನಿ ನಮಗ ದಿನಾ ಬಡಸೂದು ಇದ!"

ಎಂಜಿನಿಯರು ಅನ್ಯಾಯವಾದವರಂತೆ ನೆಟ್ಟಗೆ ಕುಳಿತರು. "ಇದ ನಮ್ಮದಲ್ರಿ! ಇವತ್ತ ಮಸಿ ಝಾಡಸೂದ ನಿಲ್ಲಿಸಿ ಬಂದೇನಿ. ಹೊಗಿ ತೊಳಿಯೂ ನೀರಿನ ಯಂತ್ರಾನೂ ಹಚ್ಚಿಸೇನಿ. ನೀವ ನೋಡ್ರಿ, ಚಿಮಣಿಗಿ ಹೊಗಿ ಐತೇನ?"

"ಹೊಗಿ ತೊಳಿಯೂ ಯಂತ್ರ ಐತೇನ್ರಿ ನಿಮ್ಮಲ್ಲಿ?"

"ಐತಲ್ರಿ. ಕರೆಂಟ್ ಭಾಳ ತಿಂತೈತಿ ಅಂತ ದಿನಾ ಹಚ್ಚಾಂಗಿಲ್ಲ..." ಎಂದವರು ತಟ್ಟನೆ ಬಾಯಿ ಮುಚ್ಚಿದರು.

ಅತ್ತೆ ಅವಸರ ಮಾಡಲಿಲ್ಲ. ಹಾಲಿನ ಪಾತ್ರೆ ಕೆಳಗಿಟ್ಟರು. "ಅಂದ್ರ ನಿಲ್ಲಸಾಕ ಬರತೈತಿ," ಎಂದರು.

ಎಂಜಿನಿಯರು ಶಾವಿಗೆಯಲ್ಲಿ ಬೆರಳಾಡಿಸತೊಡಗಿದರು.

"ಹಂಗಾದ್ರ ದಿನಾ ಊಟಕ್ಕ ಬಾ ತಮ್ಮಾ."

ನಗು ತಡೆಯಲಾಗದೆ ನಾನು ಮುಖ ಆ ಕಡೆ ತಿರುಗಿಸಿದೆ. ತಿರುಗಿಸಿದ ಕಡೆಯೇ ಕಾಲುವೆ, ಕಾಲುವೆಯಾಚೆ ನಮ್ಮ ಹೊಲ. ಗಾಣದ ಚಪ್ಪರದಿಂದ ದಪ್ಪ ಕರಿಹೊಗೆ ಎದ್ದು ನೇರವಾಗಿ ನಮ್ಮ ಮಾಳಿಗೆಗೆ ಬರುತ್ತಿತ್ತು. ರಬ್ಬರು ಸುಟ್ಟ ವಾಸನೆ ಆಗ ಮೂಗಿಗೆ ಬಡಿಯಿತು. ನಾನು ಚಪ್ಪರದ ಮೇಲೆ ಕಣ್ಣಾಡಿಸಿದೆ. ತಗಡಿನ ಮೇಲೆ ಒಂದೇ ಒಂದು ಟೈರು ಇರಲಿಲ್ಲ.

ಎಂಜಿನಿಯರಿಗೂ ವಾಸನೆ ಗೊತ್ತಾಗಿತ್ತು. ಉಣ್ಣುವ ಮನೆಯಲ್ಲಿ ಹೇಗೆ ಹೇಳುವುದೆಂದು ಅವರು ತಲೆ ತಗ್ಗಿಸಿ ಕುಳಿತಿದ್ದರು.

"ಮತ್ತ ಇದ ಯಾರದು?" ಅತ್ತೆ ಕೇಳಿದರು.

"ನಮ್ಮದರಿ ಅತ್ತಿ," ಎಂದೆ. "ನಿಮ್ಮ ಮಗ ಟೈರ್ ಸುಡಾಕತ್ತಾರ. ಟೈರ್ ನನ್ನ ತವರಮನಿಯವು."

ಅತ್ತೆ ಹೊಲದ ಕಡೆ ಬಹಳ ಹೊತ್ತು ನೋಡಿದರು. ಹತ್ತರಗಿಯ ಬಸ್ಸು, ಕಿಟಕಿ ಪಕ್ಕದ ಸೀಟು, ಬಾಳೆಹಣ್ಣು, ಎಲ್ಲವೂ ಅವರ ಕಣ್ಣ ಮುಂದೆ ಒಂದೊಂದಾಗಿ ಬರುತ್ತಿದ್ದದ್ದು ನನಗೆ ಕಾಣುತ್ತಿತ್ತು. ಕಣ್ಣಲ್ಲಿ ನೀರು ಬಂತು. "ಕಾರ್ಖಾನಿ ಯಾರದೋ, ಎಲ್ಲೀದೋ," ಎಂದರು. "ಇಂವ ನನ್ನ ಹೊಟ್ಟ್ಯಾಗ ಹುಟ್ಟಿದಾಂವ." ಆ ಕ್ಷಣ ನನ್ನ ಗಂಡನ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಆದರೆ ಗಂಗಾಳದಲ್ಲಿ ಪ್ರಸಾದವಿತ್ತು. ಬಿಡುವಂತಿರಲಿಲ್ಲ. ಮೂವರೂ ಶಾವಿಗೆ ಉಂಡೆವು. ಎಂಜಿನಿಯರು ನೀರು ಹಾಕಿಕೊಂಡರು, ಬೆರಳಾಡಿಸಿದರು, ಬೂದು ಬಣ್ಣದ ಆ ನೀರನ್ನು ಕಣ್ಣು ಮುಚ್ಚಿ ಕುಡಿದರು. ಅತ್ತೆ ಕಣ್ಣು ತೆರೆದುಕೊಂಡೇ ಕುಡಿದರು. ನನ್ನ ನಾಲಿಗೆಗೆ ಯಮಕನಮರಡಿಯ ರುಚಿ ಬಂತು.

ಆಮೇಲೆ ಅತ್ತೆ ಉಳಿದ ಹಾಲು ಶಾವಿಗೆಯ ಪಾತ್ರೆಯನ್ನು ನನ್ನ ಕೈಗೆ ಕೊಟ್ಟು, ಒಂದು ಖಾಲಿ ಗಂಗಾಳ ಹಿಡಿದು ಹೊರಟರು. ನಡುನಡುವೆ ನಿಂತು ಉಸಿರು ತೆಗೆದುಕೊಳ್ಳುತ್ತ ಕಾಲುವೆ ದಾಟಿದರು. ಎಂಜಿನಿಯರು ಮನೆಗೆ ಹೋಗಬಹುದಿತ್ತು, ಹೋಗಲಿಲ್ಲ. ಇಂಥ ಊಟದ ಎರಡನೆಯ ಪಂಕ್ತಿ ನೋಡದೆ ಯಾರು ಹೋಗುತ್ತಾರೆ?

ನಮ್ಮವರು ಟೈರಿನ ತುಂಡು ಕೈಯಲ್ಲಿ ಹಿಡಿದೇ ನಿಂತುಬಿಟ್ಟರು. "ಯವ್ವಾ, ಹಸಿ ಸಿಪ್ಪಿ ಹತ್ತಲಿಲ್ಲ. ಎರಡ ತುಂಡ ಅಷ್ಟ... ಎಲ್ಲಾರೂ ಹಾಕತಾರ... ಮತ್ತ ಗಾಳಿ ಆ ಕಡೆ ಬೀಸಾಂಗಿಲ್ಲ..."

"ಉಂಡಿಯೇನಪಾ?"

"ಇಲ್ಲ."

"ಕುಂದರ."

ಹೊಗೆ ಬೀಳುವ ಕಡೆಯೇ ಕೂರಿಸಿದರು. ಶಾವಿಗೆ ಬಡಿಸಿ, ಹಾಲು ಹೊಯ್ದು, ಕೊಂಚ ಹೊತ್ತು ಸುಮ್ಮನೆ ನಿಂತರು. ಗಂಗಾಳ ತಾನಾಗಿಯೇ ಕಪ್ಪಾಯಿತು. "ಈಗ ಉಣ್ಣು," ಎಂದರು. ನಮ್ಮವರು ನನ್ನ ಕಡೆ ನೋಡಿದರು. ನಾನು ತಗಡಿನ ಕಡೆ ನೋಡಿದೆ. ಅವರು ಉಂಡರು. ತೊಳೆದು ಕುಡಿದರು ಕೂಡ. ಅತ್ತೆ ಗಂಗಾಳವನ್ನು ಬಗ್ಗಿ ನೋಡಿ, "ಅಂಚಿಗಿ ಉಳದೈತಿ, ಇನ್ನಷ್ಟ ನೀರ ಹಾಕ್ಕೋ," ಎಂದರು.

"ಈ ಹೊಗಿ ನನ್ನ ಕಣ್ಣಿಗಿ ಬೀಳಬಾರದಂತ ಇಷ್ಟ ವರ್ಷ ನನ್ನ ಬಸ್ ಹತ್ತಿಸಿದಿ," ಎಂದರು ಆಮೇಲೆ. ಗದರಿಸಲಿಲ್ಲ.

ಮರುದಿನವೂ ಮಧ್ಯಾಹ್ನದ ಬುತ್ತಿ ಗಾಣಕ್ಕೇ ಹೋಯಿತು, ಬುತ್ತಿಯ ಜೊತೆ ಅತ್ತೆಯೂ ಹೋದರು, ಊಟ ಹಾಲು ಶಾವಿಗೆ. ಅದರ ಮರುದಿನವೂ ಅಷ್ಟೇ. ಊರಿನ ಬೇರೆ ಗಾಣದವರು ನೋಡಿ ನಗಲು ಬಂದರು. ಅವರಿಗೂ ಅತ್ತೆ ಬಡಿಸಿದರು. ಆ ವಾರ ಮುಗಿಯುವುದರೊಳಗೆ ನಮ್ಮವರು ಹಸಿ ಸಿಪ್ಪೆಯನ್ನು ಕಣದಲ್ಲಿ ಹರವಿ ಬಿಸಿಲಿಗೆ ಒಣಗಿಸತೊಡಗಿದರು, ಹುಕ್ಕೇರಿಯಿಂದ ಗೌಂಡಿಯನ್ನು ಕರೆಸಿ ಒಲೆಯ ಬಾಯಿ ಸರಿಮಾಡಿಸಿ ಹೊಗೆಗೊಳವೆ ಎತ್ತರಿಸಿದರು. ಒಲೆಗೆ ಎಲ್ಲಿಂದ ಗಾಳಿ ಬಿಡಬೇಕೆಂದು ತೋರಿಸಿಕೊಟ್ಟವರು ಎಂಜಿನಿಯರೇ. ಒಣ ಸಿಪ್ಪೆ ಸಲೀಸಾಗಿ ಹತ್ತಿಕೊಂಡಿತು. ಉಳಿದ ಟೈರುಗಳೆಲ್ಲ ತಗಡಿನ ಮೇಲೆ ಹೋದವು. ಈಗ ಯಾವ ಬಿರುಗಾಳಿಗೂ ನಮ್ಮ ಚಪ್ಪರ ಅಲುಗುವುದಿಲ್ಲ.

ಕಾರ್ಖಾನೆಯ ಕಥೆ ಅಷ್ಟು ಸಲೀಸಾಗಿ ಮುಗಿಯಲಿಲ್ಲ. ಎಂಜಿನಿಯರು ಮೇಲಿನವರ ಜೊತೆ ಏನು ಜಗಳ ಮಾಡಿದರೋ, ಯಂತ್ರವಂತೂ ಹಗಲು ನಡೆಯತೊಡಗಿತು. ಕೆಲವೊಮ್ಮೆ ಕತ್ತಲಾದ ಮೇಲೆ ಬಂದ್ ಮಾಡುತ್ತಾರೆ. ಅದು ಬೆಳಿಗ್ಗೆ ನಮ್ಮ ಮಾಳಿಗೆಗೆ ಗೊತ್ತಾಗುತ್ತದೆ, ಮಾಳಿಗೆಯಿಂದ ಅತ್ತೆಗೆ. ಅವರು ಬೈಯುವುದಿಲ್ಲ. ಫೋನಿನಲ್ಲಿ ನನ್ನ ಕೈಲಿ ಎರಡೇ ಮಾತು ಹೇಳಿಸುತ್ತಾರೆ: "ಊಟಕ್ಕ ಬರ್ರಿ." ಆ ಕಡೆಯಿಂದ ಎಂಜಿನಿಯರು ನಿಟ್ಟುಸಿರು ಬಿಟ್ಟು, "ಇವತ್ತ ಹಚ್ಚಿಸ್ತೇನ್ರಿ," ಎನ್ನುತ್ತಾರೆ.

ಆ ಹಂಗಾಮಿನಲ್ಲಿ ಅತ್ತೆ ಹತ್ತರಗಿಗೆ ಮರಳಲಿಲ್ಲ. ದಮ್ಮು ಹೋಗಿಬಿಟ್ಟಿತೆಂದು ಸುಳ್ಳು ಹೇಳಲಾರೆ. ಔಷಧಿ ಇದೆ, ಚಳಿಗೆ 'ಸುಂಯ್' ಎನ್ನುವ ಎದೆ ಇದೆ. ಆದರೆ ಬೆಳಗಿನ ಬಿಸಿಲಿಗೆ ಅವರು ಮಾಳಿಗೆಯ ಮೇಲೆ ಲಿಂಗಪೂಜೆ ಮುಗಿಸಿ ಕುಳಿತುಕೊಳ್ಳುತ್ತಾರೆ, ಅಲ್ಲಿಂದಲೇ ನನ್ನ ಅಡುಗೆಗೆ ಹೆಸರಿಟ್ಟು ಬೈಯುತ್ತಾರೆ. ಆ ಬೈಗುಳ ಕೆಮ್ಮಿಲ್ಲದೆ ಪೂರ್ತಿ ಕೇಳಿಸಿದ ದಿನ ನನಗೆ ಎಲ್ಲಿಲ್ಲದ ಖುಷಿಯಾಗುತ್ತದೆ.

ಈ ಸಲ ದೀಪಾವಳಿ ಮುಗಿಯಿತು. ಕಾರ್ಖಾನೆಯ ಸಿಳ್ಳೆ ಕೇಳಿಸಿತು. ನಮ್ಮವರು ಅಭ್ಯಾಸಬಲದಿಂದ ಪಡಸಾಲೆಯ ಗೂಟದ ಚೀಲಕ್ಕೆ ಕೈ ಹಾಕಿದರು, ಆಮೇಲೆ ನೆನಪಾಗಿ ಬಿಟ್ಟರು. ಅತ್ತೆ ನೋಡಿಬಿಟ್ಟಿದ್ದರು.

"ಇಳಸ, ಇಳಸ," ಎಂದರು. "ಅದರಾಗ ನಿನ್ನ ಅರಿಬಿ ತುಂಬು."

"ನನ್ನವ ಯಾಕ ಯವ್ವಾ?"

"ಹೊಗಿ ಕುಡಿಯಾಕಿ ಇಷ್ಟ ವರ್ಷ ಮನಿ ಬಿಟ್ಟಳು. ಇನ್ನ ಮ್ಯಾಲ ಹೊಗಿ ಮಾಡಾಂವ ಬಿಡಬೇಕು. ಹತ್ತರಗ್ಯಾಗ ನಿನ್ನ ತಂಗಿಗಿ ಹೇಳಿ ಇಟ್ಟೇನಿ."

ಎರಡು ಅಂಗಿ, ಒಂದು ಧೋತರ, ಒಂದು ಟವೆಲ್ ತುಂಬಿಸಿ ಚೀಲವನ್ನು ಮತ್ತೆ ಗೂಟಕ್ಕೆ ಹಾಕಿಸಿದರು. ಗಾಣಕ್ಕೆ ಹೊರಡುವ ಪ್ರತಿ ಬೆಳಿಗ್ಗೆ ಅದು ನಮ್ಮವರ ಭುಜಕ್ಕೆ ತಾಗುತ್ತದೆ.

ಮೊನ್ನೆ ಎಂಜಿನಿಯರು ಕರೆಯದೆಯೇ ಊಟಕ್ಕೆ ಬಂದಿದ್ದರು. ಕೈ ತೊಳೆಯಲು ಹೋಗುವಾಗ ಚೀಲ ಕಂಡು, ಯಾರಾದರೂ ಊರಿಗೆ ಹೊರಟಿದ್ದಾರೆಯೇ ಎಂದು ಕೇಳಿದರು. ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ಜೋರಾಗಿ ನಕ್ಕರು. ಅತ್ತೆ ನಗಲಿಲ್ಲ. ಗೂಟದಿಂದ ಚೀಲ ಇಳಿಸಿ, ಬಾಯಿ ಬಿಚ್ಚಿ ಅವರ ಮುಂದೆ ಹಿಡಿದರು.

"ನಿಮ್ಮ ಒಂದ ಅಂಗಿ ಕೊಟ್ಟ ಹೋಗ್ರಿ ಸಾಹೇಬ್ರ," ಎಂದರು. "ಜಾಗಾ ಐತಿ."